ಕೇಬಲ್ ಬ್ರಾಡ್‌ಬ್ಯಾಂಡ್ ಸಾಧನಕ್ಕೆ ಪ್ರೊವಿಜನಲ್ ಪೇಟೆಂಟ್ ಅರ್ಜಿ ಹಾಕಿದ್ದೇನೆ, ಇನ್ನು ಧೈರ್ಯವಾಗಿ ಕಂಪನಿಗಳಿಗೆ ತೋರಿಸಬಹುದೇ?

ಸದ್ಯಕ್ಕೆ ತೋರಿಸಬೇಡಿ. ಮನೆಗಳಿಂದ ಹೆಡ್‌ಎಂಡಿಗೆ (ಕೇಬಲ್ ಸಂಸ್ಥೆಯ ಕೇಂದ್ರಕ್ಕೆ) ಮರಳುವ ದಾರಿಯ ಗದ್ದಲವನ್ನು ಫಿಲ್ಟರಿನಿಂದ ತಗ್ಗಿಸುವ, ಟ್ಯಾಪಿನಲ್ಲಿ (ತಂತಿ ಮನೆಗಳಿಗೆ ಕವಲೊಡೆಯುವಲ್ಲಿ) ಕೂರುವ ಒಂದು ಪೆಟ್ಟಿಗೆ, ಮೂರು ಪುಟಗಳ ಪ್ರೊವಿಜನಲ್ (ಪೂರ್ಣ ವಿವರಣೆಗೆ ಮುಂಚಿನ ತಾತ್ಕಾಲಿಕ) ಅರ್ಜಿ, ಮುಂದಿನ ತಿಂಗಳು ಆಪರೇಟರುಗಳ ಮುಂದೆ ಪ್ರಾತ್ಯಕ್ಷಿಕೆ, ಅದಾದ ಮೇಲೆ ಇಲ್ಲಿಯ ಕಂಪನಿಗೆ ಕೊಡುವುದೋ ನೇರವಾಗಿ ಅಮೆರಿಕದಲ್ಲಿ ಅರ್ಜಿ ಹಾಕುವುದೋ ಎಂಬ ಯೋಚನೆ: ನೀವು ಬರೆದಿರುವ ಈ ಪರಿಸ್ಥಿತಿಯಲ್ಲಿ 2012ರಲ್ಲಿ ನಾನೂ ಇದ್ದೆ. ಪೆಟ್ಟಿಗೆ ಕೂಡ ಹೆಚ್ಚುಕಡಿಮೆ ಇದೇ.

ಆಗ ನಾನು ಮಧ್ಯ ಕರ್ನಾಟಕದ ಊರೊಂದರಲ್ಲಿ ಕೇಬಲ್ ಸಂಸ್ಥೆಯ ಹೆಡ್‌ಎಂಡ್ ನೋಡಿಕೊಳ್ಳುತ್ತಿದ್ದೆ. ಟೀವಿ ಬರುವ ತಂತಿಯಲ್ಲೇ ಇಂಟರ್ನೆಟ್ ಕೊಡುತ್ತಿದ್ದೆವು. ಮನೆಯಿಂದ ನಮ್ಮತ್ತ ಬರುವ ಸಂಕೇತಗಳಿಗೆ 5ರಿಂದ 65 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿ ಮಾತ್ರ ಇತ್ತು. ಶಾರ್ಟ್‌ವೇವ್ ರೇಡಿಯೊ, ಮಿಕ್ಸಿ ಮೋಟಾರಿನ ಕಿಡಿ, ಕೆಟ್ಟ ಟ್ಯೂಬ್‌ಲೈಟ್ ಚೋಕು ಇವೆಲ್ಲ ಗದ್ದಲ ಸುರಿಯುವುದೂ ಅದೇ ಪಟ್ಟಿಗೆ. ಹೋಗುವಾಗ ಕವಲೊಡೆಯುತ್ತ ಹೋಗುವ ಜಾಲದಲ್ಲಿ ಮರಳುವಾಗ ಎಲ್ಲ ಮನೆಗಳ ಗದ್ದಲವೂ, ಸೂರಿನ ನೀರೆಲ್ಲ ಒಂದೇ ದೋಣಿಗೆ ಇಳಿಯುವಂತೆ, ಒಂದೇ ನೋಡಿಗೆ (ನೋಡ್, ಅಂದರೆ ಒಂದು ಬಡಾವಣೆಯ ತಂತಿಗಳೆಲ್ಲ ಕೂಡುವ ಪೆಟ್ಟಿಗೆ) ಬಂದು ಸೇರುತ್ತದೆ. ಆದ್ದರಿಂದ ಒಂದು ಮನೆಯ ಸಡಿಲ ಎಫ್ ಕನೆಕ್ಟರ್ (ಕೇಬಲಿನ ತುದಿಗೆ ಕೂರಿಸುವ ಜೋಡಣೆ) ಇಡೀ ಬಡಾವಣೆಯ ಅಪ್‌ಲೋಡನ್ನು ಕೆಡಿಸಬಲ್ಲದು, ಆ ಮನೆಯವರು ಇಂಟರ್ನೆಟ್ ತೆಗೆದುಕೊಳ್ಳದೆ ಬರೀ ಟೀವಿ ನೋಡುವವರೂ ಆಗಿರಬಹುದು.

ದೋಷ ಎಲ್ಲಿದೆ ಎಂದು ಹುಡುಕುವುದೇ ಆ ಕೆಲಸದ ಕಷ್ಟ. ನಮ್ಮ ಹುಡುಗರು ಏಣಿ ಹಾಕಿ ಒಂದೊಂದೇ ಕವಲನ್ನು ಬಿಚ್ಚುತ್ತ, ನಾನು ಫೋನಿನಲ್ಲಿ ಸಿಎಂಟಿಎಸ್‌ನ (ಹೆಡ್‌ಎಂಡಿನಲ್ಲಿ ಎಲ್ಲ ಮೋಡೆಮುಗಳೊಂದಿಗೆ ಮಾತಾಡುವ ಯಂತ್ರದ) ಅಂಕಿ ಓದುತ್ತ, ಕವಲು ಬಿಚ್ಚಿದಾಗಲೆಲ್ಲ ಅದರ ಕೆಳಗಿನ ಮನೆಗಳ ಟೀವಿ ನಿಂತು ಬೈಗುಳ ತಿನ್ನುತ್ತ ಸಂಜೆ ಕಳೆಯುತ್ತಿತ್ತು. ಒಮ್ಮೆ ಹೀಗೆ ಇಳಿಸಿ ತಂದ ಆಂಪ್ಲಿಫೈಯರ್ ಪೆಟ್ಟಿಗೆಯೊಂದರ ಒಳಗೆ ಮಳೆನೀರು ನಿಂತು ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಎದ್ದಿತ್ತು. ಕನೆಕ್ಟರನ್ನು ಕ್ರಿಂಪಿಂಗ್ ಟೂಲ್ ಬದಲು ಕಟಿಂಗ್ ಪ್ಲೇಯರ್‌ನಿಂದ ಕಚ್ಚಿದ ಹಲ್ಲಿನ ಗುರುತು ಸ್ಪಷ್ಟವಾಗಿತ್ತು, ಮೇಲೆ ಇನ್ಸುಲೇಶನ್ ಟೇಪ್ ಸುತ್ತಿ ಕೈತೊಳೆದುಕೊಂಡಿದ್ದರು. ಅದೊಂದನ್ನು ಬದಲಿಸಿದ್ದಕ್ಕೆ ಆ ನೋಡಿನ ದೂರುಗಳು ನಿಂತವು.

ನಾನು ಕಟ್ಟಿದ್ದು ಒಂದು ಚಿಕ್ಕ ಬೋರ್ಡು. ಹೆಡ್‌ಎಂಡಿನಿಂದ ಆಜ್ಞೆ ಹೋದಾಗ ಆಂಪ್ಲಿಫೈಯರಿನ ಮರಳುದಾರಿಯಲ್ಲಿ ಒಂದು ರಿಲೇ (ವಿದ್ಯುತ್ತಿನಿಂದ ಚಲಿಸುವ ಸ್ವಿಚ್) ಹಾರಿ, ಕ್ಷಣಕಾಲ ಸಂಕೇತವನ್ನು 6 ಡೆಸಿಬೆಲ್, ಅಂದರೆ ಶಕ್ತಿಯಲ್ಲಿ ಕಾಲು ಭಾಗಕ್ಕೆ, ಇಳಿಸುತ್ತಿತ್ತು. ಆ ಕ್ಷಣದಲ್ಲಿ ಗದ್ದಲವೂ ಇಳಿದರೆ ಕಳ್ಳ ಆ ಕವಲಿನಲ್ಲೇ ಇದ್ದಾನೆ ಎಂದರ್ಥ. ಯಾರ ಟೀವಿಯೂ ನಿಲ್ಲುವುದಿಲ್ಲ. ತತ್ತ್ವ ಹೊಸದಾಗಿರಲಿಲ್ಲ. ಅಮೆರಿಕದ ಕೇಬಲ್ ಜನ ಇದನ್ನು ವಿಂಕ್ ಸ್ವಿಚ್ ಎಂದು ಕರೆದು ದೊಡ್ಡ ನೋಡುಗಳಲ್ಲಿ ಬಳಸುತ್ತಿದ್ದರು. ಅದನ್ನು ನಮ್ಮ ಕಂಬದ ಅಗ್ಗದ ಆಂಪ್ಲಿಫೈಯರಿಗೆ ಹೊಂದಿಸಿದ್ದಷ್ಟೇ ನನ್ನದು. ಅದನ್ನು ಇದ್ದದ್ದು ಇದ್ದ ಹಾಗೆ ವರ್ಣಿಸಿ, ರಿಲೇಯ ಚಿತ್ರ ಸಮೇತ, ಚೆನ್ನೈ ಪೇಟೆಂಟ್ ಕಚೇರಿಗೆ ಪ್ರೊವಿಜನಲ್ ಸಲ್ಲಿಸಿದೆ.

ನಿಜವಾದ ಆವಿಷ್ಕಾರ ಹೊಳೆದದ್ದು ಅದಾದ ಕೆಲವು ತಿಂಗಳ ನಂತರ. ಪ್ರತಿ ಕೇಬಲ್ ಮೋಡೆಮ್ ತನ್ನ ದಾರಿಯಲ್ಲಿನ ಪ್ರತಿಧ್ವನಿಗಳನ್ನು ಸರಿದೂಗಿಸಲು ತಾನು ಕಳಿಸುವ ಸಂಕೇತವನ್ನು ಮೊದಲೇ ತಿದ್ದಿಕೊಳ್ಳುತ್ತದೆ, ಡಾಕ್ಸಿಸ್ (ಕೇಬಲ್ ಇಂಟರ್ನೆಟ್ಟಿನ ಮಾನದಂಡ) 2.0 ಮೋಡೆಮಿನಲ್ಲಿ ಆ ತಿದ್ದುಪಡಿ 24 ಗುಣಾಂಕಗಳ ಸಾಲಾಗಿ ಕೂತಿರುತ್ತದೆ, ಸಿಎಂಟಿಎಸ್‌ನಿಂದ ಅದನ್ನು ಓದಬಹುದು. 6.4 ಮೆಗಾಹರ್ಟ್ಸ್ ಚಾನೆಲಿನಲ್ಲಿ ಸೆಕೆಂಡಿಗೆ 51.2 ಲಕ್ಷ ಸಂಕೇತಗಳು ಹೋಗುವುದರಿಂದ ಒಂದು ಗುಣಾಂಕಕ್ಕೂ ಮುಂದಿನದಕ್ಕೂ ಇರುವ ಅಂತರ ಸುಮಾರು 195 ನ್ಯಾನೊಸೆಕೆಂಡು. ದಪ್ಪ ಕೇಬಲಿನಲ್ಲಿ ಸಂಕೇತ ಬೆಳಕಿನ ವೇಗದ ಸುಮಾರು ಶೇಕಡಾ 87ರಷ್ಟು ವೇಗದಲ್ಲಿ ಹೋಗುತ್ತದೆಂದು ಹಿಡಿದರೆ ಅಷ್ಟರಲ್ಲಿ ಅದು ಕ್ರಮಿಸುವುದು 51 ಮೀಟರು. ಪ್ರತಿಧ್ವನಿ ಹೋಗಿ ಬರಬೇಕಾದ್ದರಿಂದ ಅದರ ಅರ್ಧ, 25 ಮೀಟರು. ಅಂದರೆ ಒಂದೊಂದು ಗುಣಾಂಕವೂ ಸರಿಸುಮಾರು ಒಂದು ಕಂಬದ ಅಂತರವನ್ನು ಹೇಳುತ್ತದೆ. ಈ ಲೆಕ್ಕವೂ ನನ್ನದಲ್ಲ. ಅಮೆರಿಕದ ಕೇಬಲ್ ಕಂಪನಿಗಳ ಸಂಶೋಧನಾ ಸಂಸ್ಥೆ ಕೇಬಲ್‌ಲ್ಯಾಬ್ಸ್ 2010ರ ಏಪ್ರಿಲ್‌ನಲ್ಲೇ ಅದರ ಮಾರ್ಗಸೂಚಿ ಪ್ರಕಟಿಸಿತ್ತು. ನನಗೆ ಹೊಳೆದದ್ದು ಎರಡನ್ನೂ ಕೂಡಿಸುವ ಉಪಾಯ: ನೀರು ಹೊಕ್ಕ ಕನೆಕ್ಟರ್ ಸಂಕೇತವನ್ನು ಪ್ರತಿಫಲಿಸುವುದರ ಜೊತೆಗೆ ಹೊರಗಿನ ಗದ್ದಲವನ್ನೂ ಒಳಗೆ ಬಿಡುತ್ತದೆ, ಹಾಗಾಗಿ ಗುಣಾಂಕಗಳಿಂದ ಶಂಕಿತ ಕವಲನ್ನು ಮೊದಲೇ ಗುರುತಿಸಿ, ಆ ಕವಲಿನ ರಿಲೇಯನ್ನು ಮಾತ್ರ ಹಾರಿಸಿ ಖಚಿತಪಡಿಸಿಕೊಳ್ಳುವುದು. ಹುಡುಕಾಟ ಸಂಜೆಯಿಂದ ನಿಮಿಷಗಳಿಗೆ ಇಳಿಯಿತು.

ಅರ್ಜಿ ಸಂಖ್ಯೆ ಕೈಯಲ್ಲಿದೆ ಎಂಬ ನೆಮ್ಮದಿಯಲ್ಲಿ ಆಪರೇಟರುಗಳ ಸಭೆಯಲ್ಲಿ ಅದನ್ನೆಲ್ಲ ತೋರಿಸಿದೆ, ಗುಣಾಂಕಗಳ ಚಿತ್ರ, ನಿರ್ಧಾರದ ನಕ್ಷೆ, ಯಾವುದನ್ನೂ ಮುಚ್ಚಿಡದೆ. ಕೇಳಿದವರಿಗೆಲ್ಲ ಸ್ಲೈಡುಗಳನ್ನು ಪೆನ್‌ಡ್ರೈವಿನಲ್ಲಿ ಕೊಟ್ಟೆ. ಯಾರೋ ಅದನ್ನು ದಿನಾಂಕ ಸಹಿತ ಅಂತರಜಾಲಕ್ಕೂ ಏರಿಸಿದರು. ಮೆಚ್ಚುಗೆ ಬಂತು, ಆರ್ಡರ್ ಬರಲಿಲ್ಲ. ಡಿಜಿಟಲೀಕರಣದ ಗಡುವು ನೆತ್ತಿಯ ಮೇಲಿದ್ದ ಕಾಲದಲ್ಲಿ ಆಪರೇಟರುಗಳ ಹಣವೆಲ್ಲ ಸೆಟ್‌ಟಾಪ್ ಬಾಕ್ಸುಗಳಿಗೆ ಹೋಗುತ್ತಿತ್ತು. ಆಮೇಲೆ, 12 ತಿಂಗಳು ತುಂಬುವ ಮೊದಲು, ಹೊಸ ಉಪಾಯವನ್ನೂ ಸೇರಿಸಿ ಪೂರ್ಣ ವಿವರಣೆ ಸಲ್ಲಿಸಿದೆ. ವರ್ಷಗಳ ನಂತರ ಬಂದ ಪರೀಕ್ಷಾ ವರದಿಯಲ್ಲಿ ನನ್ನ ಮುಖ್ಯ ಕ್ಲೇಮಿಗೆ (ಇದು ನನ್ನದೆಂದು ಹಕ್ಕು ಕೇಳುವ ಸಾಲಿಗೆ) ಎದುರಾಗಿ ಉಲ್ಲೇಖಿಸಿದ್ದ ದಾಖಲೆ ನನ್ನದೇ ಸ್ಲೈಡುಗಳು.

ಇಲ್ಲಿ ನಾನು ಎಡವಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ತಿಳುವಳಿಕೆ ಇದೆ. ಪ್ರೊವಿಜನಲ್ ಹಾಕಿದರೆ ಆವಿಷ್ಕಾರಕ್ಕೆ ಒಂದು ವರ್ಷದ ರಕ್ಷಣೆ ಸಿಕ್ಕಿತು ಎಂದು ನಾನು ಭಾವಿಸಿದ್ದೆ. ರಕ್ಷಣೆ ಸಿಗುವುದು ಆ ಕಾಗದದಲ್ಲಿ ಬರೆದಿರುವುದಕ್ಕೆ ಮಾತ್ರ. 1970ರ ಪೇಟೆಂಟ್ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಒಂದು ಕ್ಲೇಮಿಗೆ ಪ್ರೊವಿಜನಲ್‌ನ ದಿನಾಂಕ ಸಿಗಬೇಕಾದರೆ ಆ ಕ್ಲೇಮು ಪ್ರೊವಿಜನಲ್‌ನಲ್ಲಿ ವಿವರಿಸಿದ ಸಂಗತಿಯ ಮೇಲೆಯೇ ನಿಂತಿರಬೇಕು. ಪ್ರೊವಿಜನಲ್ ಸಲ್ಲಿಸಿದ ಮೇಲೆ ನಡೆದ ಪ್ರಕಟಣೆಯಿಂದ ನಿಮಗೆ ತೊಂದರೆಯಾಗದಂತೆ ಕಾಯುವುದು 33ನೆಯ ಸೆಕ್ಷನ್. ಅದು ಕೂಡ ಪ್ರೊವಿಜನಲ್‌ನಲ್ಲಿ ವಿವರಿಸಿದ ಸಂಗತಿಗಷ್ಟೇ ಅನ್ವಯಿಸುತ್ತದೆ. ನನ್ನ ಪ್ರೊವಿಜನಲ್‌ನಲ್ಲಿ ರಿಲೇ ಇತ್ತು, ಗುಣಾಂಕಗಳ ಸುಳಿವೇ ಇರಲಿಲ್ಲ. ಹಾಗಾಗಿ ಗುಣಾಂಕಗಳ ಕ್ಲೇಮಿಗೆ ದಿನಾಂಕ ಸಿಕ್ಕಿದ್ದು ಪೂರ್ಣ ವಿವರಣೆ ಸಲ್ಲಿಸಿದ ದಿನದ್ದು, ಮತ್ತು ಆ ದಿನಕ್ಕಿಂತ ಮೊದಲೇ ಅದನ್ನು ಜಗತ್ತಿಗೆ ಹಂಚಿದವನು ನಾನೇ. ಅಮೆರಿಕದಲ್ಲಿ ಆವಿಷ್ಕಾರಕನ ಸ್ವಂತ ಪ್ರಕಟಣೆಗೆ ಒಂದು ವರ್ಷದ ಮಾಫಿ ಇದೆ, ನಮ್ಮಲ್ಲಿ ಅಂಥ ಸಾಮಾನ್ಯ ಮಾಫಿ ಇಲ್ಲ. ಸರ್ಕಾರ ಅಧಿಸೂಚಿಸಿದ ಪ್ರದರ್ಶನಕ್ಕೆ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧಕ್ಕೆ 31ನೆಯ ಸೆಕ್ಷನ್ 12 ತಿಂಗಳ ವಿನಾಯಿತಿ ಕೊಡುತ್ತದೆ. ಹೋಟೆಲಿನ ಹಾಲಿನಲ್ಲಿ ಊಟದ ಜೊತೆ ನಡೆಯುವ ನಮ್ಮ ಸಭೆಗಳು ಆ ಲೆಕ್ಕಕ್ಕೆ ಬರುವುದಿಲ್ಲ.

ನನಗೆ ಇನ್ನೂ ಸಿಟ್ಟು ಬರಿಸುವ ಸಂಗತಿಯೆಂದರೆ ಇದನ್ನು ತಪ್ಪಿಸುವ ದಾರಿ ಅದೇ ಕಾಯ್ದೆಯಲ್ಲಿ ತೆರೆದೇ ಇತ್ತು. ಸಭೆಗೆ ಹೋಗುವ ಹಿಂದಿನ ದಿನ ಎರಡನೆಯ ಪ್ರೊವಿಜನಲ್ ಹಾಕಬಹುದಿತ್ತು. ಒಂದಕ್ಕೊಂದು ಸಂಬಂಧಿಸಿದ, ಅಥವಾ ಒಂದು ಇನ್ನೊಂದರ ಮಾರ್ಪಾಡಾಗಿರುವ ಹಲವು ಪ್ರೊವಿಜನಲ್‌ಗಳನ್ನು ಒಂದೇ ಪೂರ್ಣ ವಿವರಣೆಯಲ್ಲಿ ಕೂಡಿಸಲು 9ನೆಯ ಸೆಕ್ಷನ್ ಅವಕಾಶ ಕೊಡುತ್ತದೆ. 12 ತಿಂಗಳ ಲೆಕ್ಕ ಮಾತ್ರ ಮೊದಲನೆಯದರಿಂದ ಶುರುವಾಗುತ್ತದೆ. ಈಗ ವ್ಯಕ್ತಿಯೊಬ್ಬರು ಆನ್‌ಲೈನಿನಲ್ಲಿ ಪ್ರೊವಿಜನಲ್ ಹಾಕಲು ಸರ್ಕಾರಿ ಶುಲ್ಕ 1,600 ರೂಪಾಯಿ. ಆ ಸಭೆಯ ಸ್ಲೈಡುಗಳಿಗೆ ಬಣ್ಣ ಹಚ್ಚಿಸಲು ನಾನು ಕೊಟ್ಟದ್ದು ಅದಕ್ಕಿಂತ ಹೆಚ್ಚು.

ಕೊನೆಗೆ ಉಳಿದ ಪೆಟ್ಟಿಗೆಯ ಕ್ಲೇಮಿಗೆ ಪೇಟೆಂಟ್ ಬಂತು. ಅದರಲ್ಲಿ ರಿಲೇ ಎಂದೇ ಬರೆದಿದ್ದೆ. ಬೇರೆಯವರು ರಿಲೇ ಇದ್ದಲ್ಲಿ ಪಿನ್ ಡಯೋಡ್ (ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಹಾಕಿದರೆ ಆ ಪೇಟೆಂಟಿನ ಕೈಗೆ ಸಿಗುತ್ತಿರಲಿಲ್ಲ. ಮಾತುಕತೆಗೆ ಬಂದಿದ್ದ ಉಪಕರಣ ತಯಾರಕರೊಬ್ಬರು ಕಡತ ಓದಿ, ನಮಗೆ ಬೇಕಾದದ್ದು ನಿಮ್ಮ ಕ್ಲೇಮಿನಲ್ಲಿಲ್ಲ ಎಂದು ಸೌಜನ್ಯದಿಂದಲೇ ಹೇಳಿ ಎದ್ದರು. ನವೀಕರಣ ಶುಲ್ಕ ಕಟ್ಟುವುದನ್ನು ಆಮೇಲೆ ನಿಲ್ಲಿಸಿದೆ.

ಆದ್ದರಿಂದ ಪೆಟ್ಟಿಗೆಯನ್ನು ಯಾವ ಕಂಪನಿಗೆ ಕೊಡುವುದು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಬಳಿ ಇರುವುದು ಪೆಟ್ಟಿಗೆ ಎಂದು ನೀವು ತಿಳಿದಿರುವವರೆಗೆ ಯಾವ ಕಂಪನಿಗೂ ಅದು ಬೇಡ. ಇಲ್ಲಿಯ ಆಪರೇಟರುಗಳು ಏಕಾಕ್ಷ (ಕೋಆಕ್ಸಿಯಲ್) ಕೇಬಲ್ ಕಿತ್ತು ಫೈಬರ್ ಎಳೆಯುತ್ತಿದ್ದಾರೆ. ಕಂಬಕ್ಕೊಂದು ಹೊಸ ಡಬ್ಬಿ ಕೊಳ್ಳುವವರು ಸಿಗುವುದು ಕಷ್ಟ. ಏಕಾಕ್ಷವನ್ನು ಉಳಿಸಿಕೊಂಡಿರುವ ಅಮೆರಿಕದಲ್ಲಿ ಮರಳುದಾರಿಯ ಪಟ್ಟಿಯೇ ಬೆಳೆಯುತ್ತಿದೆ: ಡಾಕ್ಸಿಸ್ 3.1ರಲ್ಲಿ ಅದು 204 ಮೆಗಾಹರ್ಟ್ಸ್‌ವರೆಗೆ, 4.0ರಲ್ಲಿ 684ರವರೆಗೆ ಹೋಗಬಹುದು. 65ಕ್ಕೆ ಕತ್ತರಿಸುವ ನಿಮ್ಮ ಫಿಲ್ಟರನ್ನು ಅಲ್ಲಿ ಕೂರಿಸಿದರೆ ಗದ್ದಲದ ಜೊತೆ ಸೇವೆಯೂ ಹೋಗುತ್ತದೆ. ಇನ್ನು ಮಾನದಂಡದೊಳಗೇ ಸೇರಿಹೋಗುವ ಆವಿಷ್ಕಾರದಿಂದ ರಾಯಧನ ಎಣಿಸುವ ಕನಸಿದ್ದರೆ ಅದಕ್ಕೂ ತಣ್ಣೀರು ಎರಚಬೇಕಾಗುತ್ತದೆ. ಕೇಬಲ್‌ಲ್ಯಾಬ್ಸ್ 1997ರಲ್ಲಿ ಡಾಕ್ಸಿಸ್ ಆರಂಭಿಸಿದಾಗಿನಿಂದ ಅದರ ಅಗತ್ಯ ಪೇಟೆಂಟುಗಳನ್ನು ಭಾಗಿಗಳು ರಾಯಧನವಿಲ್ಲದೆ ಪರಸ್ಪರ ಹಂಚಿಕೊಳ್ಳುವ ಪದ್ಧತಿ ಬೆಳೆದಿದೆ. ಗದ್ದಲವನ್ನು ತಾಳಿಕೊಳ್ಳಲೆಂದೇ ಟೆರಾಯನ್ ಕಂಪನಿ ರೂಪಿಸಿದ ಎಸ್-ಸಿಡಿಎಂಎ ತಂತ್ರ 2001ರ ಡಾಕ್ಸಿಸ್ 2.0ರಲ್ಲಿ ಜಾಗ ಪಡೆಯಿತು, ಆದರೆ ಕ್ಷೇತ್ರದಲ್ಲಿ ಅದನ್ನು ಬಳಸಿದವರು ಕಡಿಮೆ, 2013ರ 3.1 ಹೊತ್ತಿಗೆ ಇಡೀ ಕ್ಷೇತ್ರ ಒಎಫ್‌ಡಿಎಂ ಎಂಬ ಬೇರೆ ತಂತ್ರದ ಕಡೆಗೆ ಹೊರಳಿತು. ಇಷ್ಟು ಬದಲಾಗುವ ಕ್ಷೇತ್ರದಲ್ಲಿ ಬಾಳುವುದು ಯಂತ್ರಾಂಶ ಬದಲಾದರೂ ನಿಲ್ಲುವ ತತ್ತ್ವ, ಅದನ್ನು ನೀವು ಕಾಗದದಲ್ಲಿ ಬರೆದಿಟ್ಟಿದ್ದರೆ.

ಈ ವಾರ ಕೂತು ಹೊಸ ಪ್ರೊವಿಜನಲ್ ಬರೆಯಿರಿ. ಪೆಟ್ಟಿಗೆ ಟ್ಯಾಪಿನಲ್ಲಿರುವ ಬದಲು ಆಂಪ್ಲಿಫೈಯರಿನಲ್ಲಿ, ನೋಡಿನಲ್ಲಿ, ಮೋಡೆಮಿನ ಒಳಗೇ ಇದ್ದರೆ ಹೇಗೆ ಎಂದು ಬರೆಯಿರಿ. ಸ್ವಿಚ್ ಎಂದು ಬರೆದು ರಿಲೇ, ಡಯೋಡ್, ಚಿಪ್ ಇವನ್ನು ಉದಾಹರಣೆಯಾಗಿ ಕೊಡಿ. 65 ಎಂಬ ಅಂಕಿಯನ್ನು ಕೂಡ ಉದಾಹರಣೆಯ ಜಾಗದಲ್ಲೇ ಇಡಿ. ಗದ್ದಲ ಇದೆ ಎಂದು ತೀರ್ಮಾನಿಸುವ ಲೆಕ್ಕ ನಿಮ್ಮ ಆವಿಷ್ಕಾರದ ಜೀವವಾಗಿದ್ದರೆ ಅದನ್ನು ಒಂಟಿಯಾಗಿ ಬಿಡಬೇಡಿ, ಏಕೆಂದರೆ ಬರಿಯ ಅಲ್ಗಾರಿದಮ್ಮಿಗೆ 3(ಕೆ) ಸೆಕ್ಷನ್ ಪೇಟೆಂಟ್ ಕೊಡುವುದಿಲ್ಲ. ಆ ಲೆಕ್ಕದಿಂದ ಯಾವ ಸ್ವಿಚ್ ತೆರೆಯುತ್ತದೆ, ಜಾಲದಲ್ಲಿ ಏನು ಬದಲಾಗುತ್ತದೆ ಎಂಬುದರೊಂದಿಗೆ ಹೆಣೆಯಿರಿ. ಅನುಭವಿ ಪೇಟೆಂಟ್ ಏಜೆಂಟರಿಗೆ ಇದಕ್ಕಾಗಿ ಕೊಡುವ ಹಣ ದಂಡವಾಗುವುದಿಲ್ಲ, ಆದರೆ ಹೀಗೂ ಇರಬಹುದು, ಹಾಗೂ ಇರಬಹುದು ಎಂಬ ಪಟ್ಟಿಯನ್ನು ಅವರು ನಿಮ್ಮ ತಲೆಯಿಂದ ತೆಗೆಯಲಾರರು, ನೀವೇ ಕೊಡಬೇಕು. ನೇರವಾಗಿ ಅಮೆರಿಕದಲ್ಲಿ ಅರ್ಜಿ ಎಂಬ ಮಾತು ಸದ್ಯಕ್ಕೆ ಬೇಡ: ಭಾರತದಲ್ಲಿ ವಾಸಿಸುವವರು ಹೊರಗೆ ಅರ್ಜಿ ಹಾಕುವ ಮೊದಲು 39ನೆಯ ಸೆಕ್ಷನ್ ಪ್ರಕಾರ ಅನುಮತಿ ಪಡೆದಿರಬೇಕು, ಅಥವಾ ಅದೇ ಆವಿಷ್ಕಾರಕ್ಕೆ ಇಲ್ಲಿ ಅರ್ಜಿ ಹಾಕಿ ಕನಿಷ್ಠ ಆರು ವಾರ ಕಳೆದಿರಬೇಕು. ಹೊಸದಾಗಿ ಸೇರಿಸಿದ ಅಂಶಗಳಿಗೆ ಆ ಆರು ವಾರ ಹೊಸ ಅರ್ಜಿಯಿಂದ ಎಣಿಸಿ.

ಮುಂದಿನ ತಿಂಗಳ ಪ್ರಾತ್ಯಕ್ಷಿಕೆಯನ್ನು ಮುಂದೂಡಲು ಸಾಧ್ಯವೇ ಇಲ್ಲವಾದರೆ, ಅದಕ್ಕೂ ಮೊದಲು ಹೊಸ ಅರ್ಜಿಯ ಸಂಖ್ಯೆ ಬಂದಿರಲಿ, ಮತ್ತು ಸ್ಪೆಕ್ಟ್ರಮ್ ಅನಲೈಸರಿನ ಪರದೆಯಲ್ಲಿ ಮುಂಚಿನ ಗದ್ದಲ, ನಂತರದ ಗದ್ದಲ ಇಷ್ಟನ್ನೇ ತೋರಿಸಿ. ಒಳಗೆ ಏನಿದೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರಲ್ಲಿ ನಿಜವಾಗಿ ಕೊಳ್ಳುವ ಮನಸ್ಸಿರುವವರು ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಲು ಹಿಂಜರಿಯುವುದಿಲ್ಲ. ಸ್ಲೈಡುಗಳನ್ನು ಮಾತ್ರ ಯಾರಿಗೂ ಕೊಡಬೇಡಿ.