ಉದ್ದನೆಯ ಇಂಗ್ಲಿಷ್ ಪದಗಳ ಉಚ್ಚಾರಣೆಗೆ ನಿಘಂಟಿನ ಚುಕ್ಕಿಗಳನ್ನು ನಂಬಬಹುದೇ?
ಪದದ ನಡುವೆ ನಿಘಂಟು ಇಡುವ ಚುಕ್ಕಿಗಳನ್ನು ಬಾಯಿಪಾಠ ಮಾಡಿದರೆ ಉಚ್ಚಾರಣೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಓದುವ ದಿನಗಳಲ್ಲಿ ನಾನು ಮಾಡಿದ್ದೂ ಅದನ್ನೇ. ಚುಕ್ಕಿ ಇದ್ದಲ್ಲೆಲ್ಲ ಪದವನ್ನು ಒಡೆದು, ಕನ್ನಡದ ಅಕ್ಷರಗಳಂತೆ ಪ್ರತಿ ತುಂಡಿಗೂ ಪೂರ್ಣ ಸ್ವರ ಕೊಟ್ಟು ಅಭ್ಯಾಸ ಮಾಡಿದೆ. ಹೊರದೇಶದವರೊಬ್ಬರು ದೂರವಾಣಿಯಲ್ಲಿ ನಡೆಸಿದ ಸಂದರ್ಶನದಲ್ಲಿ ನನ್ನ ‘ಫೋಟೋಗ್ರಾಫಿ’ ಅವರಿಗೆ ತಿಳಿಯಲೇ ಇಲ್ಲ. ಮತ್ತೆ ಮತ್ತೆ ಹೇಳುವಷ್ಟರಲ್ಲಿ ಮಾತಿನ ಎಳೆ ತಪ್ಪಿತು, ಕೆಲಸವೂ ಕೈತಪ್ಪಿತು.

ಆ ಚುಕ್ಕಿಗಳು ಇರುವುದು ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಮುರಿಯಬಹುದೆಂದು ಅಚ್ಚು ಹಾಕುವವರಿಗೆ ತಿಳಿಸಲು. ಒಂದು ಸ್ವರದೊಡನೆ ಒಟ್ಟಿಗೆ ನುಡಿಯುವ ತುಂಡಿಗೆ ಸಿಲಬಲ್ ಎನ್ನುತ್ತಾರೆ. ‘ಅಬೌಟ್’ ಪದದಲ್ಲಿ ಎರಡು ಸಿಲಬಲ್‌ಗಳಿದ್ದರೂ, ಒಂದೇ ಅಕ್ಷರವನ್ನು ಸಾಲಿನ ಕೊನೆಯಲ್ಲಿ ಬಿಡಬಾರದೆಂಬ ಕಾರಣಕ್ಕೆ ಹಲವು ನಿಘಂಟುಗಳು ಅಲ್ಲಿ ಚುಕ್ಕಿಯನ್ನೇ ಇಡುವುದಿಲ್ಲ. ‘ನಾಲೆಡ್ಜ್’ ಪದವನ್ನು ಅಮೆರಿಕದ ಪದ್ಧತಿ ಧ್ವನಿಯನ್ನು ಅನುಸರಿಸಿ ‘ಎಲ್’ ಅಕ್ಷರದ ನಂತರ ಒಡೆದರೆ, ಬ್ರಿಟನ್ನಿನ ಹಳೆಯ ಪದ್ಧತಿ ‘ನೋ’ (know) ಎಂಬ ಮೂಲಪದ ಉಳಿಯುವಂತೆ ಅದಕ್ಕೂ ಮೊದಲೇ ಒಡೆಯುತ್ತದೆ. ಪದದ ಘಟಕಗಳದ್ದು ಇನ್ನೊಂದೇ ಲೆಕ್ಕ: ‘ಹೆಲಿಕಾಪ್ಟರ್’ ಹುಟ್ಟಿದ್ದು ಸುರುಳಿ ಮತ್ತು ರೆಕ್ಕೆ ಎಂಬರ್ಥದ ಗ್ರೀಕ್ ಪದಗಳಿಂದ, ಅವು ಸೇರುವ ಜಾಗ ‘ಪ್ಟ’ ಎಂಬುದಕ್ಕಿಂತ ಮೊದಲು, ಆದರೆ ನಾಲಿಗೆ ಪದವನ್ನು ಒಡೆಯುವುದು ‘ಪ’ಕಾರದ ನಂತರ.

ಆದ್ದರಿಂದ ಚುಕ್ಕಿಗಳನ್ನು ಬಿಟ್ಟು ಪದದ ಬಾಲವನ್ನು ನೋಡಿ ಎಂಬುದೇ ನನ್ನ ಖಚಿತ ಅಭಿಪ್ರಾಯ. ‘ಫೋಟೋಗ್ರಾಫ್’ನಲ್ಲಿ ಒತ್ತು, ಅಂದರೆ ಉಳಿದವುಗಳಿಗಿಂತ ಜೋರಾಗಿ ನುಡಿಯುವ ಬಲ, ಮೊದಲ ಸಿಲಬಲ್ ಮೇಲಿದೆ. ‘ಫೋಟೋಗ್ರಫಿ’ಯಲ್ಲಿ ಅದು ಎರಡನೆಯದಕ್ಕೆ ಸರಿಯುತ್ತದೆ, ಆಗ ಮೊದಲಿನ ‘ಫೋ’ ತನ್ನ ಓಕಾರವನ್ನೇ ಕಳೆದುಕೊಂಡು ‘ಫ’ ಎಂಬಷ್ಟಕ್ಕೆ ಕುಗ್ಗುತ್ತದೆ, ‘ಟೋ’ ಎಂದು ನಾವು ಬರೆಯುವುದು ‘ಟಾ’ ಎಂದು ತೆರೆದುಕೊಳ್ಳುತ್ತದೆ. ನಾನು ಕುಗ್ಗಿಸಬೇಕಾದುದನ್ನು ಕುಗ್ಗಿಸದೆ ಎಲ್ಲವನ್ನೂ ಸಮನಾಗಿ ನುಡಿದದ್ದರಿಂದಲೇ ಕೇಳುವವರಿಗೆ ಪದದ ಗುರುತು ಸಿಗಲಿಲ್ಲ. ‘ಇಕ್’, ‘ಷನ್’, ‘ಇಟಿ’ ಎಂದು ಮುಗಿಯುವ ಪದಗಳಲ್ಲಿ ಒತ್ತು ಸಾಮಾನ್ಯವಾಗಿ ಆ ಪ್ರತ್ಯಯಕ್ಕೆ ಹಿಂದಿನ ಸಿಲಬಲ್ ಮೇಲೆಯೇ ಬೀಳುತ್ತದೆ. ‘ಅರೇಬಿಕ್’, ‘ಪಾಲಿಟಿಕ್ಸ್’ನಂಥ ಅಪವಾದಗಳಲ್ಲಿ ಮಾತ್ರ ಅದು ಮೊದಲ ಸಿಲಬಲ್‌ನಲ್ಲಿರುತ್ತದೆ. ‘ನೆಸ್’, ‘ಲೆಸ್’, ‘ಫುಲ್’ ಸೇರಿದರೆ ಒತ್ತು ಕದಲುವುದಿಲ್ಲ.

ಅನುಮಾನ ಬಂದ ಪದಕ್ಕೆ ನಿಘಂಟಿನಲ್ಲಿ ಪಕ್ಕದಲ್ಲಿಯೇ ಕೊಟ್ಟಿರುವ ಧ್ವನಿಲಿಪಿಯನ್ನು ನೋಡಿ. ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಮೇಲ್ಭಾಗದ ಪುಟ್ಟ ಲಂಬಗೆರೆ ಒತ್ತು ಬೀಳುವ ಸಿಲಬಲ್‌ನ ಮುಂಚೆ ಬರುತ್ತದೆ, ನಂತರವಲ್ಲ.