ಬರೀ ಚರ್ಮ ಹಾಕಿದ್ರೆ ಸಾಕಲ್ವಾ ಡಾಕ್ಟ್ರೇ?

ಈ ಪ್ರಶ್ನೆ ಬೇರೆ ಬೇರೆ ಊರಿಂದ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇದೆ, ಅದಕ್ಕೆ ಈ ಸಲ ಹೆಚ್ಚಿನ ಜಾಗ ಇದಕ್ಕೇ, ಉಳಿದವರು ಬೇಜಾರು ಮಾಡ್ಕೋಬೇಡಿ. ಪ್ಲಾಸ್ಟಿಕ್ ಸರ್ಜರಿಲಿ ಪ್ಲಾಸ್ಟಿಕ್ ಹಾಕ್ತಾರಾ ಅಂತ ಕೇಳಿದವರಿಗೆ ಉತ್ತರ ಇಲ್ಲ.

ಪ್ರಶ್ನೆ: ತಮ್ಮನಿಗೆ ಬೈಕ್ ಆಕ್ಸಿಡೆಂಟ್ ಆಗಿ ಪಾದದಿಂದ ಸ್ವಲ್ಪ ಮೇಲೆ ಮೂಳೆ ಮುರಿದಿದೆ, ಮಾಂಸ ಚರ್ಮ ಕಿತ್ತು ಹೋಗಿ ಮೂಳೆ ಕಾಣ್ತಿದೆ. ಹೊರಗಿಂದ ರಾಡ್ ಹಾಕಿದಾರೆ. ಈಗ ತೊಡೆಯಿಂದ ರಕ್ತನಾಳ ಸಮೇತ ಮಾಂಸ ತೆಗೆದು ಜೋಡಿಸ್ಬೇಕು, ಏಳೆಂಟು ಗಂಟೆ ಆಪರೇಷನ್ ಅಂತಾರೆ. ಬರೀ ಚರ್ಮ ಹಾಕಿದ್ರೆ ಆಗಲ್ವಾ? ನಮ್ಮ ಕಡೆ ಸೊಪ್ಪಿನ ಔಷಧಿ ಕಟ್ಟೋರು ಮಾಂಸ ಬೆಳೆಸಿ ಕೊಡ್ತೀನಿ ಅಂತಿದಾರೆ.

ಆಗಲ್ಲ. ತೆಳುವಾಗಿ ಕೆತ್ತಿ ತೆಗೆದ ಚರ್ಮಕ್ಕೆ ತನ್ನದೇ ರಕ್ತ ಇರಲ್ಲ, ಮೊದಲ ಒಂದೆರಡು ದಿನ ಕೆಳಗಿನ ಗಾಯ ಜಿನುಗಿಸೋ ದ್ರವದಲ್ಲೇ ಜೀವ ಹಿಡ್ಕೊಂಡಿರುತ್ತೆ, ಆಮೇಲೆ ಕೆಳಗಿಂದ ಸಣ್ಣ ನಾಳಗಳು ಬೆಳೆದು ಮೇಲಕ್ಕೆ ಬರ್ಬೇಕು. ಮಾಂಸದ ಮೇಲೆ ಹಾಕಿದ್ರೆ ಬರುತ್ತೆ, ಮೂಳೆ ಮೇಲಿರೋ ತೆಳು ಪೊರೆ ಉಳಿದಿದ್ರೂ ಬರಬಹುದು. ಆ ಪೊರೇನೂ ಕಿತ್ತು ಹೋದ ಬರೀ ಮೂಳೆ ಮೇಲೆ ಚರ್ಮ ಹಾಕೋದು ಬಂಡೆ ಮೇಲೆ ರಾಗಿ ಚೆಲ್ಲಿದಂಗೆ.

ಪಕ್ಕದ ಮಾಂಸಾನೇ ಎಳೆದು ಮುಚ್ಚಿ ಅಂತೀರಿ. ಮೊಣಕಾಲಿನ ಕೆಳಗೇ ಗಾಯ ಆಗಿದ್ರೆ, ಕಾಲಿನ ಮಧ್ಯದಲ್ಲಿ ಆಗಿದ್ರೆ, ಮೀನಖಂಡದ ಸ್ನಾಯು ತಿರುಗಿಸಿ ಮುಚ್ತೀವಿ. ಕೆಳಗಿನ ಮೂರನೇ ಒಂದು ಭಾಗದಲ್ಲಿ ಅಕ್ಕಪಕ್ಕ ಬರೀ ಸ್ನಾಯುರಜ್ಜು (ಟೆಂಡನ್), ಮೂಳೆ, ಎಳೆಯೋಕೆ ಮಾಂಸಾನೇ ಇಲ್ಲ. ಸಣ್ಣ ಗಾಯ ಆದ್ರೆ ಪಕ್ಕದ ಚರ್ಮ ತಿರುಗಿಸಬಹುದು, ನೀವು ಬರೆದಿರೋದು ಓದಿದ್ರೆ ಇದು ಅಷ್ಟು ಸಣ್ಣದಲ್ಲ. ಅದಕ್ಕೆ ದೂರದಿಂದ ತರೋದು. ತೊಡೆಯ ಹೊರಭಾಗದ ಚರ್ಮ ಕೊಬ್ಬು, ಅದಕ್ಕೆ ರಕ್ತ ಕೊಡೋ ಒಂದು ಅಪಧಮನಿ ಒಂದೆರಡು ಅಭಿಧಮನಿ ಸಮೇತ ಬಿಡಿಸಿ ತಂದು, ಮೈಕ್ರೋಸ್ಕೋಪ್ ಕೆಳಗೆ ಕಾಲಿನ ನಾಳಕ್ಕೆ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯೋದು. ನಾಳದ ಅಗಲ ಎರಡು ಮೂರು ಮಿಲಿಮೀಟರ್. ಇದೇ ಫ್ರೀ ಫ್ಲಾಪ್. ಏಳೆಂಟು ಗಂಟೆ ಸುಮ್ನೆ ಹೇಳಿದ್ದಲ್ಲ.

ಇನ್ನು ಸೊಪ್ಪು. ನಾನು ಇಲ್ಲಿ ಸೌಮ್ಯವಾಗಿ ಬರೆಯೋಕೆ ಹೋಗಲ್ಲ. ಸೊಪ್ಪು ಅರಿಶಿನ ಕಾಫಿಪುಡಿ ಮೆತ್ತಿಸ್ಕೊಂಡು ಎರಡು ತಿಂಗಳು ಬಿಟ್ಟು ಬರೋ ಕಾಲು ಹೇಗಿರುತ್ತೆ ಅಂದ್ರೆ, ಸುತ್ತ ಕೆಂಪು ಮಾಂಸ ಬೆಳೆದಿರುತ್ತೆ, ಮನೆಯವರು ಅದನ್ನೇ ತೋರಿಸಿ ನೋಡಿ ಗುಣ ಆಗ್ತಿದೆ ಅಂತಾರೆ, ನಡುವೆ ಮೂಳೆ ಒಣಗಿ ಸತ್ತು ಕೀವು ಸೋರ್ತಿರುತ್ತೆ. ಆಮೇಲೆ ಆ ಸತ್ತ ಮೂಳೆ ಕತ್ತರಿಸಿ ತೆಗೆದು, ಕಾಲಿನ ಸುತ್ತ ಹೊರಗಿಂದ ಕಬ್ಬಿಣದ ರಿಂಗ್ ಹಾಕಿ, ತಿಂಗಳಾನುಗಟ್ಟಲೆ ಮೂಳೆ ಬೆಳೆಸ್ತಾ ಕೂರ್ಬೇಕು. ಅಷ್ಟೊತ್ತಿಗೆ ಔಷಧಿ ಕಟ್ಟಿದವರ ಫೋನ್ ಸ್ವಿಚ್ ಆಫ್.

ಯಾಕೆ ಅವಸರ ಅಂದ್ರೆ, ಆಗಿನ ಯುಗೊಸ್ಲಾವಿಯಾದ, ಈಗಿನ ಸ್ಲೊವೇನಿಯಾದ, ಮಾರ್ಕೊ ಗೊಡಿನಾ ಅನ್ನೋ ಸರ್ಜನ್ 532 ರೋಗಿಗಳ ಲೆಕ್ಕ ಇಟ್ಟಿದ್ರು, 1986ರಲ್ಲಿ ಪ್ರಕಟ ಆಯ್ತು. ಗಾಯ ಆಗಿ 72 ಗಂಟೆ ಒಳಗೆ ಮಾಡಿದ ಫ್ಲಾಪ್‌ಗಳಲ್ಲಿ ಕೆಟ್ಟಿದ್ದು ನೂರಕ್ಕೆ ಒಂದಕ್ಕಿಂತ ಕಮ್ಮಿ, ಅಲ್ಲಿಂದ ಮೂರು ತಿಂಗಳ ಒಳಗೆ ಮಾಡಿದ್ರಲ್ಲಿ ನೂರಕ್ಕೆ 12. ಈಗ ವ್ಯಾಕ್ ಮೆಷಿನ್, ಅಂದ್ರೆ ಗಾಯ ಮುಚ್ಚಿ ಅದರ ದ್ರವ ಹೀರ್ತಾ ಇರೋ ಯಂತ್ರ, ಇರೋದ್ರಿಂದ ಒಂದು ವಾರದ ಆಸುಪಾಸು ಸಮಯ ಸಿಗುತ್ತೆ ಅನ್ನೋರು ಜಾಸ್ತಿ, ನಾನೂ ಒಪ್ತೀನಿ. ಆದ್ರೆ ವ್ಯಾಕ್ ಬರೀ ಸಮಯ ಕೊಡುತ್ತೆ, ಫ್ಲಾಪ್ ಬದಲಿಗೆ ಅದನ್ನೇ ವಾರಗಟ್ಟಲೆ ಕಟ್ಟಿಸ್ಕೊಂಡು ಕೂರೋದು ಸೊಪ್ಪು ಕಟ್ಟಿಸಿದಷ್ಟೇ ತಪ್ಪು, ಬಿಲ್ ಮಾತ್ರ ದೊಡ್ಡದು.

ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಅದನ್ನ ಯಾರೂ ಕೇಳಲ್ಲ: ರಾತ್ರಿ ಎರಡು ಗಂಟೆಗೆ ಫ್ಲಾಪ್ ಬಣ್ಣ ಬದಲಾದ್ರೆ ಯಾರು ನೋಡ್ತಾರೆ, ಆಪರೇಷನ್ ಥಿಯೇಟರ್ ತೆಗೀತಾರಾ? ಹೊಲಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟೋದು ಹೆಚ್ಚಾಗಿ ಮೊದಲ ಎರಡು ದಿನದಲ್ಲೇ. ಅಪಧಮನಿ ಕಟ್ಟಿದ್ರೆ ಫ್ಲಾಪ್ ಬಿಳಿಚಿ ತಣ್ಣಗಾಗುತ್ತೆ, ಅಭಿಧಮನಿ ಕಟ್ಟಿದ್ರೆ ನೀಲಿ ತಿರುಗಿ ಊದ್ಕೊಳ್ಳುತ್ತೆ, ಸೂಜಿ ಚುಚ್ಚಿದ್ರೆ ಕಪ್ಪು ರಕ್ತ ಬರುತ್ತೆ. ಬೇಗ ಗೊತ್ತಾಗಿ ತಕ್ಷಣ ಬಿಚ್ಚಿ ಹೆಪ್ಪು ತೆಗೆದ್ರೆ ಸುಮಾರು ಉಳಿಯುತ್ತವೆ, ಬೆಳಗ್ಗೆ ರೌಂಡ್ಸ್‌ಗೆ ಬಂದಾಗ ನೋಡೋಣ ಅಂದ್ರೆ ಹೋಯ್ತು. ಗಂಟೆಗೊಂದ್ಸಲ ನೋಡೋ ನರ್ಸ್ ಇಲ್ಲದ ಆಸ್ಪತ್ರೆಲಿ ಎಷ್ಟೇ ದೊಡ್ಡ ಸರ್ಜನ್ ಬಂದು ಮಾಡಿ ಹೋಗ್ತಾರೆ ಅಂದ್ರೂ ನಾನಾದ್ರೆ ಒಪ್ಪಲ್ಲ.

ಆಮೇಲೆ ಮನೆಯವರ ಕಾಟ. ನಂಜಾಗುತ್ತೆ ಅಂತ ಮೊಟ್ಟೆ ಬೇಡ, ಕೀವಾಗುತ್ತೆ ಅಂತ ಬೇಳೆ ಬೇಡ, ಮೊಸರು ಬೇಡ, ಬರೀ ಗಂಜಿ. ಅಷ್ಟು ದೊಡ್ಡ ಗಾಯ ಮಾಯೋಕೆ ಪ್ರೋಟೀನ್ ಬೇಕು ಕಣ್ರೀ, ಮೊಟ್ಟೆ ಬೇಳೆ ಮೊಸರು ಮೀನು ಎಲ್ಲ ಕೊಡಿ, ಶುಗರ್ ಕಿಡ್ನಿ ತೊಂದ್ರೆ ಇದ್ರೆ ಮಾತ್ರ ಅಲ್ಲಿನ ಡಾಕ್ಟರ್ ಹೇಳಿದಂಗೆ. ಬೀಡಿ ಸಿಗರೇಟು ಗುಟ್ಕಾ ಒಂದೂ ಬೇಡ, ನಿಕೋಟಿನ್ ನಾಳಾನ ಬಿಗಿ ಮಾಡುತ್ತೆ, ನೋಡೋಕೆ ಬಂದವರು ವಾರ್ಡ್‌ನಲ್ಲಿ ಕದ್ದು ಕೊಟ್ಟು ಹೋಗೋದೂ ನಮಗೆ ಗೊತ್ತು. ಕಾಫಿ ವಿಷಯದಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ, ನಾನು ಮೊದಲ ವಾರ ಕೊಡಲ್ಲ, ನನ್ನ ಪುಕ್ಕಲುತನ ಅಂದ್ಕೊಳ್ಳಿ. ಕಾಲು ಎತ್ತರದಲ್ಲೇ ಇರ್ಬೇಕು, ಇಳಿಬಿಡೋದು ಯಾವಾಗ ಅಂತ ಅಲ್ಲಿನ ಡಾಕ್ಟರ್ ಹೇಳ್ತಾರೆ, ಮೊದಮೊದಲು ಬರೀ ಐದೈದು ನಿಮಿಷ.

ಪ್ರಶ್ನೆ: ಮಗನಿಗೆ ನನ್ನ ತೊಡೆ ಮಾಂಸ ಕೊಡಬಹುದಾ?

ಇಲ್ಲಮ್ಮ, ಅವನ ದೇಹ ಅದನ್ನ ಒಪ್ಪಲ್ಲ, ಅವನದ್ದೇ ಬೇಕು.

ಪ್ರಶ್ನೆ: ನಮ್ಮೆಜಮಾನ್ರಿಗೆ ಬಾಯಿ ಕ್ಯಾನ್ಸರ್, ದವಡೆ ತೆಗೆದು ಕಾಲಿನ ಮೂಳೆ ಹಾಕ್ತಾರಂತೆ, ನಡೆಯೋಕಾಗುತ್ತಾ?

ಆಗುತ್ತೆ. ತೆಗೆಯೋದು ಪಕ್ಕದ ಸಣ್ಣ ಮೂಳೆ, ಮೈ ಭಾರ ಹೊರೋದು ದೊಡ್ಡದು, ಸಣ್ಣದರಲ್ಲೂ ಕೆಳಗಿನ ತುದಿ ಬಿಟ್ಟೇ ತೆಗೀತಾರೆ. ಗುಟ್ಕಾ ಬಿಟ್ಟಿದಾರಾ ಅಂತ ನೀವು ಬರೆದಿಲ್ಲ.

ಪ್ರಶ್ನೆ: ಇದೆಲ್ಲ ಸುಶ್ರುತರೇ ಮಾಡ್ತಿದ್ರಂತೆ?

ತುಂಡಾದ ಮೂಗನ್ನ ಮತ್ತೆ ಕಟ್ಟೋದನ್ನ ಹೇಳಿದಾರೆ, ಅದು ದೊಡ್ಡ ವಿಷಯಾನೇ. ಮೈಕ್ರೋಸ್ಕೋಪ್ ಇಟ್ಕೊಂಡು ನಾಳ ಹೊಲೀತಿದ್ರು ಅನ್ನೋ ಫಾರ್ವರ್ಡ್ ನನಗೆ ಕಳಿಸ್ಬೇಡಿ.

ಪ್ರಶ್ನೆ: ತುಂಡಾದ ಬೆರಳು ಐಸ್‌ನಲ್ಲಿ ಹಾಕಿ ತರಬೇಕಾ?

ನೇರವಾಗಿ ಐಸ್‌ಗೆ ಹಾಕಿದ್ರೆ ಹಾಳಾಗುತ್ತೆ. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಕಟ್ಟಿ, ಆ ಕವರ್‌ನ ಐಸ್ ಬೆರೆಸಿದ ನೀರಲ್ಲಿ ಇಟ್ಟು ತನ್ನಿ, ಮೊದಲು ಫೋನ್ ಮಾಡಿ ಅಲ್ಲಿ ಮೈಕ್ರೋಸರ್ಜನ್ ಇದಾರಾ ಕೇಳಿ.