ರಿಚಿ ಬೆನೊ ಮಾತಾಡ್ತಿದ್ದದ್ದೇ ಕಮ್ಮಿ, ಆದರೂ ಅಷ್ಟು ದೊಡ್ಡ ಕಾಮೆಂಟೇಟರ್ ಅನ್ನೋದು ಯಾಕೆ?

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಆಸ್ಟ್ರೇಲಿಯಾ ಕ್ರಿಕೆಟ್ ತಂಡದ ಈ ಮಾಜಿ ನಾಯಕ, ಮಾತು ಕಮ್ಮಿ ಇದ್ದದ್ದಕ್ಕೇ ದೊಡ್ಡ ಕಾಮೆಂಟೇಟರ್.

ನಾನು ಹುಡುಗನಾಗಿದ್ದಾಗ ಆಸ್ಟ್ರೇಲಿಯಾದ ಮ್ಯಾಚ್ ಅಂದ್ರೆ ಬೆಳಗಿನ ಜಾವ ಏಳಬೇಕಿತ್ತು. ಮನೆಯವರಿಗೆ ಎಚ್ಚರವಾಗದಂತೆ ಸೌಂಡ್ ಸಣ್ಣಗಿಟ್ಟು ನೋಡುತ್ತಿದ್ದೆ. ಕ್ರೀಮ್ ಬಣ್ಣದ ಕೋಟು, ಬೆಳ್ಳಿ ಕೂದಲು. ವಿಕೆಟ್ ಬಿದ್ದರೂ ಕೂಗಾಟವಿಲ್ಲ. ಈ ಅಜ್ಜ ಬೋರು ಅಂತ ಆಗ ಅನಿಸಿದ್ದು ನಿಜ.

ಅವರು ಸುಮ್ನೆ ಬಂದು ಮೈಕ್ ಹಿಡಿದವರಲ್ಲ. 1956ರ ಇಂಗ್ಲೆಂಡ್ ಪ್ರವಾಸ ಮುಗಿದ ಮೇಲೆ ಲಂಡನ್ನಿನಲ್ಲೇ ಉಳಿದು ಬಿಬಿಸಿಯಲ್ಲಿ ಟಿವಿ ತರಬೇತಿ ಪಡೆದರು. ಕುದುರೆ ರೇಸಿನ ಕಾಮೆಂಟೇಟರ್ ಪೀಟರ್ ಒ'ಸಲಿವನ್, ಗಾಲ್ಫ್ ಕಾಮೆಂಟೇಟರ್ ಹೆನ್ರಿ ಲಾಂಗ್‌ಹರ್ಸ್ಟ್ ಕೆಲಸ ಮಾಡೋದನ್ನ ಹತ್ತಿರದಿಂದ ನೋಡಿದರು. ಆಗ ಬೆನೊಗೆ 26 ಕೂಡ ತುಂಬಿರಲಿಲ್ಲ, ನಾಯಕತ್ವವೂ ಇನ್ನೂ ಬಂದಿರಲಿಲ್ಲ! ಇವತ್ತಿನವರು ನಿವೃತ್ತಿಯ ಮರುದಿನವೇ ಕಾಮೆಂಟರಿ ಬಾಕ್ಸಿನಲ್ಲಿ ಕೂರುತ್ತಾರೆ, ಅಲ್ವಾ?

ಆಟದಲ್ಲೂ ಸಣ್ಣವರಲ್ಲ. 63 ಟೆಸ್ಟ್, 248 ವಿಕೆಟ್. ಟೆಸ್ಟಿನಲ್ಲಿ 2000 ರನ್ ಮತ್ತು 200 ವಿಕೆಟ್ ಎರಡನ್ನೂ ಮುಟ್ಟಿದ ಮೊದಲಿಗ. ನಾಯಕನಾಗಿ ಒಂದೂ ಸರಣಿ ಸೋಲಲಿಲ್ಲ (ಕಾನ್ಪುರದಲ್ಲಿ ನಮ್ಮ ಸ್ಪಿನ್ನರ್ ಜಸು ಪಟೇಲ್ ಒಂದು ಟೆಸ್ಟ್ ಸೋಲಿಸಿದ್ದು ನಮಗೆ ಸಮಾಧಾನ). ಆದರೂ ಮೈಕಿನಲ್ಲಿ 'ನಮ್ಮ ಕಾಲದಲ್ಲಿ' ಅಂತ ಕೊರೆಯಲಿಲ್ಲ. ತೆರೆಯ ಮೇಲೆ ಕಾಣದ್ದನ್ನು ಹೇಳೋಕಿದ್ದರೆ ಬಾಯಿ ತೆರೆ, ಇಲ್ಲದಿದ್ದರೆ ಸುಮ್ಮನಿರು ಅನ್ನೋದು ಅವರ ಪಾಠ.

ಹಾಗಂತ ಮೆತ್ತಗಿನವರೂ ಅಲ್ಲ. 1981ರಲ್ಲಿ ಮೆಲ್ಬರ್ನಿನಲ್ಲಿ ನ್ಯೂಜಿಲೆಂಡಿಗೆ ಪಂದ್ಯ ಸಮ ಮಾಡಿಕೊಳ್ಳಲು ಕೊನೆಯ ಎಸೆತದಲ್ಲಿ 6 ರನ್ ಬೇಕಿತ್ತು. ಗ್ರೆಗ್ ಚಾಪೆಲ್ ತಮ್ಮನ ಕೈಲಿ ಸಿಕ್ಸರ್ ಹೊಡೆಯಲಾಗದಂತೆ ನೆಲದ ಮೇಲೆ ಚೆಂಡು ಉರುಳಿಸಿದರು. ತನ್ನದೇ ದೇಶದ ನಾಯಕ ಅಂತ ಬೆನೊ ಮುಲಾಜು ನೋಡಲಿಲ್ಲ. ಕ್ರಿಕೆಟ್ ಮೈದಾನದಲ್ಲಿ ಕಂಡ ಅತಿ ಕೆಟ್ಟ ಕೆಲಸಗಳಲ್ಲಿ ಇದೂ ಒಂದು ಅಂತ ಚಾನೆಲ್ ನೈನ್‌ನಲ್ಲಿ ನೇರವಾಗಿಯೇ ಹೇಳಿದರು.

ನನಗೆ ಜಾಸ್ತಿ ಇಷ್ಟ ಲಂಡನ್ನಿನ ಓವಲ್ ಮೈದಾನದ 2005ರ ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್. ಇಂಗ್ಲೆಂಡಿನಲ್ಲಿ ಅದೇ ಅವರ ಕೊನೆಯ ಕಾಮೆಂಟರಿ. ಅಲ್ಲಿನ ಕ್ರಿಕೆಟ್ ದುಡ್ಡು ಕೊಟ್ಟು ನೋಡುವ ಚಾನೆಲ್ಲಿಗೆ ಹೊರಟಿತ್ತು, ಇವರು ಜೊತೆಗೆ ಹೋಗಲಿಲ್ಲ. ವಿದಾಯ ಹೇಳುತ್ತಿದ್ದಾಗಲೇ ಮೆಕ್‌ಗ್ರಾತ್ ಚೆಂಡಿಗೆ ಇಂಗ್ಲೆಂಡಿನ ಪೀಟರ್ಸನ್ 158ಕ್ಕೆ ಬೌಲ್ಡ್. ಬೆನೊ ತನ್ನ ಮಾತು ಅರ್ಧಕ್ಕೇ ಬಿಟ್ಟರು, ವಿಕೆಟ್ ವಿವರಿಸಿದರು, ಆಮೇಲೆ ವಿದಾಯ ಮುಗಿಸಿದರು. ದನಿ ಒಂಚೂರೂ ನಡುಗಲಿಲ್ಲ.